ನಾಲ್ಕನೆಯ ಹರವಿ

ಮೂಕಮ್ಮಾಳ್ ಮೂರನೆಯ ಹರವಿಯನ್ನೂ ಬಗ್ಗಿಸಿ ನುಗ್ಗೆ ಮರದ ಬುಡಕ್ಕೆ ನೀರು ಸುರಿದಳು. ಸಾವಾದ ಮನೆಯಲ್ಲಿ ಹಳೆಯ ನೀರು ಇರಬಾರದು. ಕುಡಿಯುವ ಕೊಡದಿಂದ ಹಿಡಿದು ಹಿತ್ತಿಲ ಹರವಿಗಳವರೆಗೆ ಎಲ್ಲ ಚೆಲ್ಲಿ ಬೋರಲು ಹಾಕಬೇಕು. ನಡುಮನೆಯಲ್ಲಿ ಮಲಗಿಸಿದ್ದ ಪೆರಿಯಣ್ಣನ್ ಅವಳ ತಮ್ಮ. ಅತ್ತು ಅತ್ತು ಸೋತು ಕೆಲಸಕ್ಕೆ ಕೈ ಹಾಕಿದ್ದಳು. ಅಂಥವರಿಗೆ ಅಡ್ಡ ಬರುವ ಧೈರ್ಯ ಯಾರಿಗಿರುತ್ತದೆ?

ನಾಲ್ಕನೆಯದನ್ನು ಹಿಡಿದಾಗ, ಸತ್ತವನ ಒಬ್ಬಳೇ ಮಗಳು ಜೆಯಲಕ್ಷ್ಮಿ ಓಡಿಬಂದು ಹರವಿಯನ್ನು ತಬ್ಬಿಕೊಂಡಳು.

"ಇದ ಬುಡತ್ತೆ. ಅಪ್ಪನ ಮೀನು ಐತೆ."

"ನೊರೆ ಕಟ್ಟಿ ಕೊಳ್ತೋಗೈತೆ ನೀರು. ಇದ್ರಾಗೆಂಥ ಮೀನು?"

"ನೊರೆಯಲ್ಲತ್ತೆ, ಗೂಡು. ಮೊಟ್ಟೆ ಐತೆ ಅದ್ರಾಗೆ."

ಮೂಕಮ್ಮಾಳ್ ತಿರುಗಿ ನೋಡಿದಳು. ನುಗ್ಗೆ ಬುಡದ ಕೆಸರಿನಲ್ಲಿ ಕಿರುಬೆರಳುದ್ದದ ಏಳೆಂಟು ಮೀನು ಸತ್ತು ಬಿದ್ದಿದ್ದವು. ಒಂದನ್ನು ಕಾಗೆ ಆಗಲೇ ಗೋಡೆಯ ಮೇಲೆ ಇಟ್ಟುಕೊಂಡಿತ್ತು.

"ಅಯ್ಯೋ ಪಾಪ. ನಂಗ್ಯಾರೂ ಹೇಳ್ಲಿಲ್ಲ" ಎಂದಳು. ಆದರೂ ಹರವಿಯ ಮೇಲಿನ ಕೈ ತೆಗೆಯಲಿಲ್ಲ. "ಅದ್ಕೇಂತ ಸಾವಿನ ನೀರ ಮನೇಲಿ ಇಕ್ಕೋಕಾಗ್ತದಾ? ಅವ್ನ ಉಸುರು ಇದ್ರಾಗೇ ಸುತ್ತುತ್ತೆ. ದಾರಿ ಸಿಕ್ದೆ ಅಲೀಬೇಕಾ ನನ್ನ ತಮ್ಮ?"

ಜೆಯಲಕ್ಷ್ಮಿ ಹರವಿಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

*

ಪೆರಿಯಣ್ಣನ್‌ಗೆ ಇದ್ದದ್ದು ಅರ್ಧ ಎಕರೆ. ಉಳಿದ ಹೊತ್ತೆಲ್ಲ ಊರವರ ಗದ್ದೆಗಳಿಗೆ ಸರದಿಯಂತೆ ಕಾಲುವೆ ನೀರು ತಿರುಗಿಸುವ ಕೆಲಸ. ಮೊಣಕಾಲು ನೀರಿನಲ್ಲಿ ನಿಂತವನ ಕಣ್ಣಿಗೆ ಮೀನು ಬೀಳದೆ ಇನ್ನೇನು ಬೀಳುತ್ತದೆ? ಮೇಲೆ ಬಂದು ಗಾಳಿ ಕುಡಿದು ಹೋಗುವ ಈ ಪುಟ್ಟ ಮೀನು ಗದ್ದೆಗಳಲ್ಲಿ ಬೇಕಾದಷ್ಟಿತ್ತು. ಆದರೆ ರೆಕ್ಕೆಯಂಚಿಗೆ ನೀಲಿ, ಬಾಲದ ನಡುವೆ ಕೂದಲಿನಂಥ ಕಪ್ಪು ಎಳೆ ಇದ್ದದ್ದು ತೆಂಗಿನ ತೋಪಿನ ಹಿಂದಿನ ಒಂದೇ ಹಳ್ಳದಲ್ಲಿ. ಸಂತೆಗೆ ಹೋದಾಗಲೆಲ್ಲ ತೇನಿಯವರೆಗೂ ಒಂದೊಂದು ಹಳ್ಳಕ್ಕೆ ಇಳಿದು ಹುಡುಕಿದ. ಎಂಟು ವರ್ಷ ಹುಡುಕಿದರೂ ಎಲ್ಲಿಯೂ ಸಿಗಲಿಲ್ಲ.

ಊರಿಗೆ ಹೊಸ ಭತ್ತ ಬಂತು. ಅದರ ಹಿಂದೆಯೇ ಹುಳುವಿನ ಔಷಧಿಯೂ ಬಂತು. ಒಂದು ಬೆಳಿಗ್ಗೆ ಹಳ್ಳದ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಇನ್ನೂ ಜೀವ ಹಿಡಿದಿದ್ದ ಆರನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದು ಹಿತ್ತಿಲ ಹರವಿಗೆ ಬಿಟ್ಟ. ಮರಿಯಾಗಿ ಹರವಿ ನಾಲ್ಕಾದವು.

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದಳು ಹೆಂಡತಿ ಪಾಂಡಿಯಮ್ಮಾಳ್. "ತಿನ್ನೋಕಾಗ್ದು, ಮಾರೋಕಾಗ್ದು. ಯಾತಕ್ಕೆ ಇದು?"

"ಇಲ್ನೋಡು, ಗಂಡೇ ಗೂಡು ಕಾಯ್ತದೆ. ಮೊಟ್ಟೆ ಜಾರಿದ್ರೆ ಬಾಯಾಗೆ ಹಿಡ್ದು ತಿರ್ಗ ಇಕ್ತದೆ. ಮರಿ ಆಗೋಗಂಟ ಒಂದಗುಳು ತಿನ್ನಲ್ಲ."

ಪಾಂಡಿಯಮ್ಮಾಳ್ ಬಗ್ಗಿ ಹರವಿಯೊಳಗೆ ನೋಡಿದಳು. ಹಿಂದೆ ಅವಳು ಕ್ಷಯವಾಗಿ ಎಂಟು ತಿಂಗಳು ಮಧುರೆಯ ಆಸ್ಪತ್ರೆಯಲ್ಲಿದ್ದಾಗ, ಇನ್ನೂ ನಡೆಯಲು ಬಾರದ ಜೆಯಲಕ್ಷ್ಮಿಯನ್ನು ಹೆಗಲ ಮೇಲೆ ಕೂರಿಸಿಕೊಂಡೇ ಅವನು ಗದ್ದೆಗಳಿಗೆ ನೀರು ತಿರುಗಿಸಿದ್ದ.

*

ಹೆಣಕ್ಕೆ ಸ್ನಾನ ಮಾಡಿಸುವ ನೀರ್ಮಾಲೆಯ ಕೊಡಗಳನ್ನು ಹೊತ್ತು ನೆಂಟರು ಕಾಲುವೆಯಿಂದ ಬಂದರು. ಅದೇ ಹೊತ್ತಿಗೆ ಪಾಂಡಿಯಮ್ಮಾಳ್ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಕೂದಲು ಬಿಚ್ಚಿತ್ತು, ಗಂಟಲು ಒಡೆದಿತ್ತು.

"ಚೆಲ್ಬುಡಿ ಅತ್ತಿಗೆ. ನೀವು ಹೇಳೋದೇ ಸರಿ."

"ಅಮ್ಮಾ, ಇನ್ನು ಇದೊಂದೇ ಇರೋದು" ಎಂದಳು ಜೆಯಲಕ್ಷ್ಮಿ.

"ಹಳೇ ನೀರ ಚೆಲ್ಲಿ ಅತ್ತಿಗೆ. ನೀರ್ಮಾಲೇಲಿ ಒಂದು ಕೊಡ ಇದ್ಕೆ ಕೊಡಿ."

"ಅದು ಅವ್ನ ಮೈಗೆ ತಂದುದ್ದು, ಪಾಂಡಿ."

"ಊರಿಗೆಲ್ಲ ನೀರು ಬುಟ್ಟೋರು ಅತ್ತಿಗೆ. ಅವ್ರ ನೀರಾಗೆ ಒಂದು ಕೊಡ ಇದ್ಕೆ ಬುಡಲ್ವಾ?"

ಮೂಕಮ್ಮಾಳ್ ಹರವಿಯ ಮೇಲಿನ ಕೈ ತೆಗೆದಳು. ಆಮೇಲೆ ತಾನೇ ಹೋಗಿ ಒಂದು ಕೊಡ ಇಳಿಸಿಕೊಂಡು ಬಂದು, ಮೂಲೆಯಲ್ಲಿ ಬಳಸದೆ ಇಟ್ಟಿದ್ದ ಹೊಸ ಹರವಿಗೆ ಹೊಯ್ದಳು. ಜೆಯಲಕ್ಷ್ಮಿ, ಅಪ್ಪ ಮಾಡುತ್ತಿದ್ದಂತೆಯೇ, ತೆಂಗಿನ ಚಿಪ್ಪಿನಲ್ಲಿ ನೊರೆಯನ್ನು ಎತ್ತಿ ಅದರಲ್ಲಿ ಬಿಟ್ಟಳು. ಗೂಡು ಕಾಯುತ್ತಿದ್ದ ಗಂಡು ಮೀನನ್ನೂ ಬಿಟ್ಟಳು. ಚಿಪ್ಪಿನ ಅಂಚು ತಗುಲಿ ಗೂಡು ಅರ್ಧ ಒಡೆಯಿತು. ಸಾಸಿವೆಗಿಂತ ಸಣ್ಣ ಮೊಟ್ಟೆಗಳು ತಳಕ್ಕೆ ಇಳಿದವು. ಮೀನು ಒಂದು ಬದಿಗೆ ಸೇರಿ ಅಲ್ಲಾಡದೆ ನಿಂತುಬಿಟ್ಟಿತು.

ಮೂಕಮ್ಮಾಳ್ ನಾಲ್ಕನೆಯ ಹರವಿಯನ್ನು ಬಗ್ಗಿಸಿದಳು.

ಮಧ್ಯಾಹ್ನ ಗಂಡಸರು ಸುಡುಗಾಡಿನಿಂದ ಹಿಂದಿರುಗಿದರು. ಪೆರಿಯಣ್ಣನ್ ಮಲಗಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಪಕ್ಕದ ಮನೆಯವರು ತಂದ ಗಂಜಿಯನ್ನು ಪಾಂಡಿಯಮ್ಮಾಳ್ ಮುಟ್ಟಿರಲಿಲ್ಲ. ಅವಳು ಹಿತ್ತಿಲಿಗೆ ಬಂದು ನೋಡಿದರೆ ಮೂಕಮ್ಮಾಳ್ ಹರವಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲಿತ್ತು, ಅವಳ ಪಾಲಿನ ಗಂಜಿಯೂ ಕಾಲ ಬಳಿ ಆರಿ ಕೆನೆಗಟ್ಟಿತ್ತು.

"ಹಸ್ದೈತೇನೋ" ಎಂದು ಮೂಕಮ್ಮಾಳ್ ಗಂಜಿಯಿಂದ ಒಂದು ಅಗುಳು ತೆಗೆದು ನೀರಿಗೆ ಬಿಟ್ಟಳು.

ಅಗುಳು ನಿಧಾನವಾಗಿ ಇಳಿಯಿತು. ಮೀನು ಅದರ ಪಕ್ಕದಲ್ಲೇ ಹಾದು ತಳಕ್ಕೆ ಹೋಯಿತು, ಒಂದು ಮೊಟ್ಟೆಯನ್ನು ಬಾಯಲ್ಲಿ ಎತ್ತಿಕೊಂಡು ಉಳಿದ ನೊರೆಯ ಕಡೆಗೆ ಮೇಲೇರಿತು.