ಒಂದು ಗಂಟೆಗೆ ಹತ್ತು ನಿಮಿಷ

ಹಾಡುಗಾರ ಟ್ರೆವರ್ ಅಕ್ರಾಯ್ಡ್ ನನ್ನ ತಮ್ಮ. ಯಾವ ಟ್ರೆವರ್ ಎಂದು ಕೇಳಬೇಡಿ, ಅದೇ ಟ್ರೆವರ್. ನಿಮ್ಮ ಅಕ್ಕಪಕ್ಕದವರ ಮದುವೆಯಲ್ಲೋ, ಯಾವುದೋ ಅಜ್ಜಿಯ ಶವದ ಮುಂದೆಯೋ ಅವನ 'ಅಡುಗೆಮನೆಯ ದೀಪ' ಹಾಡನ್ನು ಹಾಕಿಯೇ ಇರುತ್ತಾರೆ. ಆ ಹಾಡು ಮುಗಿಯುವುದಿಲ್ಲ. 'ಅಮ್ಮ ದೀಪ ಆರಿಸಿ ಮೆಟ್ಟಿಲು ಹತ್ತುವಾಗ' ಎಂದು ಎಳೆದು ಹಾಡುತ್ತಾನೆ, ಅಲ್ಲಿಗೆ ಕಡಿದುಹೋಗುತ್ತದೆ. ಮುಂದೆ ಗಿಟಾರಿನ ಸದ್ದೂ ಇಲ್ಲ. ಅದು ಸಾವಿನ ಮೌನ ಎಂದು ಲಂಡನ್ನಿನ ಪತ್ರಿಕೆಗಳು ಬರೆದವು. ಒಬ್ಬ ಪ್ರೊಫೆಸರಂತೂ ಆ ಮೌನದ ಮೇಲೆಯೇ ಇಪ್ಪತ್ತು ಪುಟ ಗೀಚಿದ. ಸಾವೂ ಅಲ್ಲ, ಮಣ್ಣೂ ಅಲ್ಲ. ಅಲ್ಲಿ ಹಾಡನ್ನು ಕಡಿದವಳು ನಾನು, ಬೆರಿಲ್.

ನಮ್ಮ ಹೆಕ್‌ಥಾರ್ಪ್‌ನಲ್ಲಿ ಗಣಿ ಕೆಲಸಗಾರರ ಕ್ಲಬ್ ಇತ್ತು. ಭಾನುವಾರ ಹನ್ನೆರಡಕ್ಕೆ ಗಂಡಸರು ಬಿಯರ್ ಕುಡಿಯುತ್ತಾ ಕೂರುತ್ತಿದ್ದರು, ಯಾರಾದರೂ ಬಂದು ಹಾಡುತ್ತಿದ್ದರು. ಒಂದು ಗಂಟೆಗೆ ಸರಿಯಾಗಿ ಬಿಂಗೊ, ಕೂಗಿದ ಅಂಕಿಯನ್ನು ಚೀಟಿಯಲ್ಲಿ ಹೊಡೆದುಹಾಕುವ ದುಡ್ಡಿನ ಆಟ. ಒಂದು ಅಂದರೆ ಒಂದೇ. ಏಕೆಂದರೆ ಮನೆಯಲ್ಲಿ ಓವನ್ನಿನೊಳಗೆ ಮಾಂಸ ಬೇಯುತ್ತಿರುತ್ತದೆ, ಎರಡಕ್ಕೆ ತಟ್ಟೆಯ ಮುಂದೆ ಇರದ ಗಂಡಸಿಗೆ ಆ ವಾರ ಪೂರ್ತಿ ಶನಿಕಾಟ. ಹಾಡುಗಾರರನ್ನು ಗೊತ್ತುಮಾಡುವ ಸೆಕ್ರೆಟರಿ ನಮ್ಮಪ್ಪ. ಬಿಂಗೊ ಅಂಕಿಗಳನ್ನು ಕೂಗುವುದೂ ಅವನದೇ ಕೆಲಸವಾಗಿತ್ತು. ಗಣಿಯ ದೂಳು ಅವನ ಎದೆ ಸೇರಿ ಗಂಟಲು ಕೆಟ್ಟಾಗ ಆ ಕೆಲಸ ನನಗೆ ಬಂತು. ಹೆಂಗಸರಿಗೆ ಕ್ಲಬ್ಬಿನ ಸದಸ್ಯತ್ವ ಕೊಡುತ್ತಿರಲಿಲ್ಲ. ಹೆಂಗಸಿನ ಗಂಟಲು ಮಾತ್ರ ಬೇಕಿತ್ತು. ಇರಲಿ, ಆ ಜಗಳ ಬೇರೆ.

ವೇದಿಕೆಯ ಪಕ್ಕದಲ್ಲಿ ನನ್ನ ಮೇಜು. ಮೇಜಿನ ಮೇಲೆ ಅಂಕಿಗಳ ಯಂತ್ರ, ನನ್ನ ಮೈಕು, ಹಾಡುಗಾರನ ಮೈಕನ್ನು ಆರಿಸುವ ಗುಂಡಿ. ಎದುರು ಗೋಡೆಯಲ್ಲಿ ಗಡಿಯಾರ. ಒಂದು ಹೊಡೆಯುತ್ತಲೇ ನಾನು "ಕಣ್ಣು ಕೆಳಗೆ!" ಎನ್ನುತ್ತೇನೆ. ಆಗ ಇನ್ನೂರು ತಲೆಗಳು ಒಟ್ಟಿಗೆ ಚೀಟಿಯ ಮೇಲೆ ಬಾಗುತ್ತವೆ. ಆಮೇಲೆ ವೇದಿಕೆಗೆ ಬೆಂಕಿ ಬಿದ್ದರೂ ಒಬ್ಬನೂ ತಲೆ ಎತ್ತುವುದಿಲ್ಲ.

ಎಪ್ಪತ್ತೈದನೇ ಇಸವಿಯಲ್ಲಿ ಟ್ರೆವ್‌ಗೆ ಹತ್ತೊಂಬತ್ತು. ಅಮ್ಮ ಸತ್ತು ಮೂರು ತಿಂಗಳಾಗಿತ್ತು. ಅಪ್ಪನ ಕಾಲು ಹಿಡಿದು ಮೂರು ಹಾಡಿಗೆ ಒಪ್ಪಿಗೆ ಪಡೆದ. ನಮ್ಮವರಿಗೆ ಬೇಕಾದದ್ದು ಕುಣಿಸುವ ಹಾಡು. ಇವನೋ ಹೊಟ್ಟೆಯೊಳಗಿಂದ ದನಿ ಎಳೆದು ತೆಗೆಯುತ್ತಾನೆ.

"ಏನಯ್ಯಾ, ನಿನ್ ಮಗನಿಗೆ ಹಲ್ನೋವಾ?" ಎಂದು ಯಾರೋ ಅಪ್ಪನನ್ನು ಕೇಳಿದರು.

"ಅವನಿಗೆ ಹುಟ್ಟಿದಾಗ್ನಿಂದ್ಲೂ ಹಂಗೇ. ಸುಮ್ನೆ ಕುಡಿ," ಎಂದ ಅಪ್ಪ.

ಮೂರನೆಯದು ಅಮ್ಮನ ಹಾಡು. ದೀಪ, ಮೆಟ್ಟಿಲು ಎಂದು ಅವನು ಎಳೆಯುತ್ತಿದ್ದಾಗ ಮುಳ್ಳು ಒಂದಕ್ಕೆ ಬಂತು. ನಾನು ಗುಂಡಿ ಒತ್ತಿದೆ. "ಕಣ್ಣು ಕೆಳಗೆ!" ಎಂದೆ. ತಲೆಗಳು ಬಾಗಿದವು. "ಎರಡು ದಪ್ಪ ಹೆಂಗಸರು, ಎಂಬತ್ತೆಂಟು!" ಎಂದು ಮೊದಲ ಅಂಕಿಯನ್ನು ಬಿಂಗೊದ ಅಡ್ಡಹೆಸರು ಸೇರಿಸಿ ಕೂಗಿಯೂಬಿಟ್ಟೆ. ನನ್ನದೇ ತಾಯಿಯ ಹಾಡು! ತಿರುಗಿ ನೋಡಿದರೆ ವೇದಿಕೆ ಖಾಲಿ. ಮುಂದಿನ ವಾರ ಅವನು ಲಂಡನ್ ಬಸ್ಸು ಹತ್ತಿದ.

ಆಮೇಲಿನದು ಊರಿಗೆಲ್ಲ ಗೊತ್ತು. ಏಳು ವರ್ಷ ಹೋಟೆಲುಗಳಲ್ಲಿ ತಟ್ಟೆ ತೊಳೆದ. ಬಳಿಕ ಒಂದು ರೆಕಾರ್ಡು, ಅದರ ಕೊನೆಯಲ್ಲಿ ಆ ಹಾಡು. ಒಂದೇ ಚಳಿಗಾಲದಲ್ಲಿ ಇಡೀ ದೇಶ ಅವನ ದನಿಗೆ ಅತ್ತಿತು. ಎರಡು ಮದುವೆ, ಎರಡು ವಿಚ್ಛೇದನ, ಮೂರು ವರ್ಷ ಕುಡಿತ, ಆಮೇಲೆ ಬರೀ ಚಹಾ. ರಾಣಿಯ ಅರಮನೆಯಲ್ಲಿ ಪದಕ ಕೊಟ್ಟರು. ನಮ್ಮ ಮಹಾರಾಯ ಕಪ್ಪು ಸೂಟಿಗೆ ಕಂದು ಬೂಟು ಹಾಕಿಕೊಂಡು ಹೋಗಿದ್ದ.

ಎಲ್ಲರಿಗೂ ಸಂತೋಷ, ನನಗೊಬ್ಬಳಿಗೆ ಗೊಂದಲ. ಆ ಹಾಡನ್ನು ಸರಿಯಾಗಿ ನಾನು ಗುಂಡಿ ಒತ್ತಿದ ಜಾಗದಲ್ಲೇ ಏಕೆ ನಿಲ್ಲಿಸಿದ? 'ನೋಡೇ, ನೀನು ಮಾಡಿದ್ದನ್ನು ಜಗತ್ತಿಗೆಲ್ಲ ಕೇಳಿಸುತ್ತೇನೆ' ಎಂತಲೇ? ಹಾಗಾದರೆ ಪ್ರತಿ ಕ್ರಿಸ್ಮಸ್ಸಿಗೆ ಕಾರ್ಡು ಏಕೆ? ನನ್ನ ಮೊಣಕಾಲಿನ ಆಪರೇಷನ್ನಿಗೆ ಅಷ್ಟು ದೂರದಿಂದ ದ್ರಾಕ್ಷಿ ಹೊತ್ತುಕೊಂಡು ಬಂದದ್ದೇಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ, ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಕಡೆ ಮನಸ್ಸಿನ ಮಾತನ್ನು ಹೊರಗೆ ಹಾಕುವುದೂ ಒಂದೇ, ಕಿಟಕಿಗೆ ಪರದೆ ಇಲ್ಲದೆ ಸ್ನಾನ ಮಾಡುವುದೂ ಒಂದೇ. ಹೀಗೆಯೇ, ಆ ಭಾನುವಾರದಿಂದ ಲೆಕ್ಕ ಹಾಕಿದರೆ ನಲವತ್ತೊಂದು ವರ್ಷ ಕಳೆಯಿತು.

ಮೊನ್ನೆ ಕ್ಲಬ್ಬು ಮುಚ್ಚುವುದೆಂದು ತೀರ್ಮಾನವಾಯಿತು. ಸುದ್ದಿ ತಿಳಿದು ಟ್ರೆವ್ ಫೋನು ಮಾಡಿದ.

"ಕೊನೇ ಭಾನುವಾರ ನಾನ್ ಬಂದು ಹಾಡ್ತೀನಿ. ಅಂಕಿ ಕೂಗೋದು ಯಾರು?"

"ಇನ್ಯಾರು? ನಾನೇ."

"ಹಾಗಿದ್ರೆ ಸರಿ," ಎಂದು ಇಟ್ಟುಬಿಟ್ಟ. ಸರಿಯಂತೆ! ಏನು ಸರಿ? ಆ ವಾರವೆಲ್ಲ ನನಗೆ ಅದೇ ಯೋಚನೆ. ಊರವರೆಲ್ಲರ ಮುಂದೆ ನನ್ನನ್ನು ತೋರಿಸಿ 'ಇವಳೇ' ಎಂದುಬಿಟ್ಟರೆ?

ಭಾನುವಾರ ಹಾಡುಗಾರರ ಕೋಣೆಗೆ, ಅಂದರೆ ಬಿಯರ್ ಪೀಪಾಯಿ ಇಡುವ ಕೋಣೆಗೆ, ಚಹಾ ಮತ್ತು ಹಂದಿಮಾಂಸದ ಪೈ ತೆಗೆದುಕೊಂಡು ಹೋದೆ. ಅರವತ್ತರ ಮುದುಕ ಪೀಪಾಯಿಯ ಮೇಲೆ ಕೂತು ಅಂಗಿಯ ಗುಂಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಚಿಕ್ಕಂದಿನಲ್ಲಿ ಮೇಷ್ಟ್ರು ಮಗ್ಗಿ ಕೇಳಿದಾಗ ಹೀಗೆಯೇ ಉಜ್ಜುತ್ತಿದ್ದ.

"ಏನೋ, ಭಯಾನಾ?" ಎಂದೆ.

"ಪದಗಳು ಜಾರ್ತಿವೆ ಕಣೇ. ಒಂದ್ ವರ್ಷ ಆಯ್ತು. ದೊಡ್ಡ ಸಭೆಗಳಲ್ಲಿ ಕಾಲ ಹತ್ರ ಟೀವಿ ಥರದ ಪರದೆ ಇಡ್ತಾರೆ, ಹಾಡಿನ ಪದ ಸಾಲು ಸಾಲಾಗಿ ಬರುತ್ತೆ. ಇಲ್ಲಿ ಅದಿಲ್ಲ."

"ಕಾಗದದಲ್ಲಿ ಬರ್ಕೊಂಡ್ ಹೋಗು."

"ಈ ಕ್ಲಬ್ಬಲ್ಲಿ ಕಾಗದ ನೋಡ್ಕೊಂಡ್ ಹಾಡೋದಾ? ಅಪ್ಪ ಇದ್ದಿದ್ರೆ ಕಾಗದಾನೂ ನನ್ನೂ ಸೇರಿಸಿ ಬೀದಿಗೆ ಎಸೀತಿದ್ರು." ನಕ್ಕ. "ಅದೂ ಅಲ್ದೆ ಇವತ್ತು ಹೊಸ ಹಾಡು ಇದೆ, ಯಾರೂ ಕೇಳಿಲ್ಲ. ಪರವಾಗಿಲ್ಲ ಬಿಡು, ನೀನಿದೀಯಲ್ಲ. ಸಿಕ್ಕಾಕ್ಕೊಂಡ್ರೆ ಅವತ್ತಿನ ಥರ ಮಾಡು."

"ಅವತ್ತು ನಾನೇನೋ ಮಾಡ್ದೆ?"

"ಆಟ ಆಡ್ಬೇಡ. ಮೆಟ್ಟಿಲು ಅಂದ್ಮೇಲೆ ನಂಗೆ ಒಂದಕ್ಷರ ನೆನಪಿರ್ಲಿಲ್ಲ. ಅಮ್ಮನ ಮುಖ ಬಂತು, ಪದ ಎಲ್ಲಾ ಹೋಯ್ತು. ಅಪ್ಪ ಎದುರಿಗೇ ಕೂತಿದ್ರು. ಸತ್ತೇ ಹೋದೆ ಅಂದ್ಕೊಂಡೆ. ಆಗ ನೀನು ಮೈಕ್ ಆರ್ಸಿ ಕಣ್ಣು ಕೆಳಗೆ ಅಂದ್ಯಲ್ಲ! ಇಡೀ ಊರು ತಲೆ ಬಗ್ಗಿಸ್ತು. ಒಬ್ರಿಗೂ ಗೊತ್ತಾಗ್ಲಿಲ್ಲ. ನಿಂಗೊಬ್ಳಿಗೆ ಗೊತ್ತಾಗಿತ್ತು." ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮುಂದಿನ ಸಾಲು ಇವತ್ತಿಗೂ ನೆನಪಿಗೆ ಬಂದಿಲ್ಲ. ಅದಕ್ಕೇ ರೆಕಾರ್ಡಲ್ಲೂ ಅಲ್ಲೇ ನಿಲ್ಸಿದೆ. ನಿನಗೋಸ್ಕರ."

ಇಷ್ಟು ವರ್ಷ ಬೈಗುಳ ಎಂದುಕೊಂಡದ್ದು ಥ್ಯಾಂಕ್ಸ್ ಆಗಿತ್ತೇ? ಒಂದು ಗಳಿಗೆ ಎದೆ ಹಗುರಾಯಿತು, ಮರುಗಳಿಗೆ ಮೊದಲಿಗಿಂತ ಭಾರವಾಯಿತು. ನಾನೆಲ್ಲಿ ಇವನ ಮುಖ ನೋಡಿದ್ದೆ? ನಾನು ನೋಡಿದ್ದು ಗಡಿಯಾರ. ಹೇಳಿದರೆ ಈ ಮುದುಕನ ಧೈರ್ಯ ಈಗಲೇ ಕುಸಿಯುತ್ತದೆ. ಹೇಳದಿದ್ದರೆ ಕದ್ದ ಉಡುಗೊರೆಯನ್ನು ಬೀರುವಿನಲ್ಲಿಟ್ಟುಕೊಂಡ ಹಾಗೆ. ಅತ್ತ ದರಿ, ಇತ್ತ ಪುಲಿ.

"ಟ್ರೆವ್, ಅವತ್ತು..." ಎಂದು ಬಾಯಿ ತೆರೆದೆ.

ಕ್ಲಬ್ಬು ನೋಡಿಕೊಳ್ಳುವ ನಾರ್ಮನ್ ಬಾಗಿಲಲ್ಲಿ ತಲೆ ತೂರಿಸಿದ. "ಬಾರಪ್ಪ ದೊಡ್ಮನುಷ್ಯ. ಅರಮನೆ ಪದಕ ಇದ್ರೂ ಅಷ್ಟೆ, ಬಿಂಗೊ ಒಂದಕ್ಕೇ."

ಟ್ರೆವ್ ಎದ್ದು ಹೋದ. ನಾನು ನನ್ನ ಮೇಜಿಗೆ ಹೋಗಿ ಕೂತೆ.

ಈಗಿನ ಭಾನುವಾರಗಳಲ್ಲಿ ಹೆಂಗಸರೂ ಬರುತ್ತಾರೆ, ಓವನ್ನನ್ನು ಸಣ್ಣ ಉರಿಗೆ ಇಟ್ಟು. ನಿಲ್ಲಲೂ ಜಾಗವಿರಲಿಲ್ಲ. ಮೊದಲ ಐದು ಹಾಡು ಚೆನ್ನಾಗಿ ಹೋದವು. ಆಮೇಲೆ ಹೊಸ ಹಾಡು ಎತ್ತಿಕೊಂಡ. ಅಪ್ಪನ ಕೆಮ್ಮಿನ ಮೇಲೆ ಕಟ್ಟಿದ್ದು. ಗೋಡೆಯ ಆಚೆಯಿಂದ ಆ ಕೆಮ್ಮು ಕೇಳಿ ಬೆಳೆದ ಮಕ್ಕಳ ಹಾಡು. ನನಗೆ ಕಣ್ಣು ಮಂಜಾಯಿತು. ಎರಡನೇ ಚರಣದ ನಡುವೆ ನಿಂತ. ಗಿಟಾರ್ ಮಾತ್ರ ಅದೇ ಎರಡು ಸ್ವರಗಳ ಸುತ್ತ ತಿರುಗುತ್ತಿತ್ತು.

ಬೇಕೆಂದೇ ನಿಲ್ಲಿಸಿದನೋ, ಸಿಕ್ಕಿಕೊಂಡನೋ? ನಿಲ್ಲಿಸಿ ನಿಲ್ಲಿಸಿಯೇ ದೊಡ್ಡವನಾದವನು ಇವನು, ಹೇಗೆ ಹೇಳುವುದು? ಜನ ಉಸಿರು ಹಿಡಿದು ಕೂತಿದ್ದರು, ಅದೂ ಕಲೆ ಎಂದುಕೊಂಡು. ನನ್ನ ಕಣ್ಣು ರೂಢಿಯಂತೆ ಗಡಿಯಾರಕ್ಕೆ ಹೋಯಿತು. ಒಂದಕ್ಕೆ ಹತ್ತು ನಿಮಿಷ. ಅಲ್ಲಿಂದ ಕಣ್ಣು ಕಿತ್ತು ಅವನ ಕಡೆ ನೋಡಿದೆ. ಗಿಟಾರಿನ ಸದ್ದು ನಿಂತಿತ್ತು. ಬಲಗೈ ತಂತಿ ಬಿಟ್ಟು ಅಂಗಿಯ ಗುಂಡಿ ಉಜ್ಜುತ್ತಿತ್ತು.

ಗುಂಡಿ ಒತ್ತಿದೆ. "ಕಣ್ಣು ಕೆಳಗೆ!"

ಅಭ್ಯಾಸಬಲದಿಂದ ಎಲ್ಲರ ತಲೆ ಬಾಗಿತು, ಅಷ್ಟೇ ಬೇಗ ಗದ್ದಲವೂ ಎದ್ದಿತು.

"ಇನ್ನೂ ಹತ್ನಿಮಿಷ ಇದೆಯಲ್ಲೇ! ಕಣ್ ಕಾಣಲ್ವಾ?"

"ನಾನಿನ್ನೂ ಚೀಟೀನೇ ತಗೊಂಡಿಲ್ಲ!"

"ಬೆರಿಲ್‌ಗೆ ತಲೆ ಕೆಟ್ಟಿದೆ. ಕ್ಲಬ್ ಮುಚ್ಚೋದೇ ಒಳ್ಳೇದು!"

"ಬಾಯ್ಮುಚ್ಕೊಂಡ್ ಬರ್ಕೊಳ್ರೋ!" ಎಂದು ಮೈಕಿನಲ್ಲೇ ಗದರಿದೆ. "ಹನ್ನೊಂದು! ಜೋಡಿ ಕಾಲು, ಹನ್ನೊಂದು!" ಬೈಯುತ್ತಲೇ ಎಲ್ಲರೂ ಪೆನ್ನು ಹುಡುಕಿದರು. ಚೀಟಿ ಇಲ್ಲದವರು ಚೀಟಿಗಾಗಿ ಕಿತ್ತಾಡಿದರು. ವೇದಿಕೆಯ ಕಡೆ ಒಬ್ಬನೂ ನೋಡಲಿಲ್ಲ. ಟ್ರೆವ್ ಮೆಲ್ಲಗೆ ಒಳಗೆ ಹೋದ.

ಬಿಂಗೊ ಮುಗಿಸಿ ಕೋಣೆಗೆ ಹೋದೆ. ಪೀಪಾಯಿಯ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ, ನಗುತ್ತಲೂ ಇದ್ದ.

"ನಂಗೊತ್ತಿತ್ತು ಕಣೇ. ಹೆಂಗೆ ಗೊತ್ತಾಗುತ್ತೆ ನಿಂಗೆ?"

ಸುಮ್ಮನಿರಬಹುದಿತ್ತು. ಈಗಂತೂ ಅದು ನಿಜವೇ ಆಗಿತ್ತಲ್ಲ. ಆದರೆ ಬಾಯಿ ಕೇಳಲಿಲ್ಲ.

"ಇವತ್ತು ನಿನ್ ಮುಖ ನೋಡ್ದೆ ಟ್ರೆವ್. ಅವತ್ತು ನೋಡಿರ್ಲಿಲ್ಲ. ಅವತ್ತು ಒಂದ್ ಗಂಟೆ ಆಗಿತ್ತು, ಅಷ್ಟೆ."

ಅವನ ನಗು ನಿಂತಿತು. ಅರ್ಥವಾಗದವನಂತೆ ನನ್ನನ್ನೇ ನೋಡಿದ. "ಗಡಿಯಾರಾನಾ?"

"ಹೂಂ. ಗಡಿಯಾರ."

"ಮತ್ತೆ ಇಷ್ಟ್ ವರ್ಷ ನಾನು ಯಾರ ಧೈರ್ಯದ ಮೇಲೆ ಹಾಡ್ದೆ?"

"ತಪ್ಪಾಯ್ತು ಕಣೋ," ಎಂದೆ. ನಲವತ್ತೊಂದು ವರ್ಷದಿಂದ ಗಂಟಲಲ್ಲಿದ್ದ ಮಾತು. ಆದರೆ ಯಾವುದು ತಪ್ಪು, ಆಗ ಒತ್ತಿದ್ದೋ ಈಗ ಹೇಳಿದ್ದೋ, ಅದೂ ನನಗೆ ತಿಳಿಯಲಿಲ್ಲ.

ನಾರ್ಮನ್ ಬಾಗಿಲು ಬಡಿದ. "ಟ್ರೆವರ್, ಇನ್ನೊಂದೆರಡು ಹಾಡಪ್ಪ. ದೀಪದ್ದು ಕೇಳ್ತಿದಾರೆ."

ಟ್ರೆವ್ ತಣ್ಣಗಾದ ಚಹಾ ಕುಡಿದು ಮುಗಿಸಿದ. ಆಮೇಲೆ ಎದ್ದು ಗಿಟಾರ್ ತೆಗೆದುಕೊಂಡ. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದ.

"ಗಡಿಯಾರ ನೋಡ್ಬೇಡ," ಎಂದ. ಸಿಟ್ಟೋ, ಬೇಡಿಕೆಯೋ, ದನಿಯಿಂದ ಗೊತ್ತಾಗಲಿಲ್ಲ.

ನಾನು ಹೋಗಿ ನನ್ನ ಕುರ್ಚಿಯನ್ನು ತಿರುಗಿಸಿ, ಗಡಿಯಾರಕ್ಕೆ ಬೆನ್ನು ಹಾಕಿ, ಅವನ ಮುಖದ ಎದುರಿಗೆ ಕೂತೆ. ಅವನು ನನ್ನನ್ನೇ ನೋಡುತ್ತಾ ದೀಪದ ಹಾಡನ್ನೂ ಆಮೇಲೆ ಇನ್ನಷ್ಟು ಹಾಡುಗಳನ್ನೂ ಹಾಡಿದ. ನಡುನಡುವೆ ಪದ ತಪ್ಪಿದಾಗ ಬರಿಯ ದನಿಯಲ್ಲೇ ಸಾಲು ತುಂಬಿದ, ತಪ್ಪಿತೆಂದು ನಿಲ್ಲಲಿಲ್ಲ. ನನ್ನ ಕೈ ಮಡಿಲಲ್ಲೇ ಇತ್ತು. ಎರಡು ಗಂಟೆ ಯಾವಾಗ ಹೊಡೆಯಿತೋ ನನಗೆ ಗೊತ್ತಿಲ್ಲ, ಹೊಡೆಯಿತೆಂದು ಯಾರೂ ಹೇಳಲೂ ಇಲ್ಲ. ಆ ಭಾನುವಾರ ಹೆಕ್‌ಥಾರ್ಪ್‌ನ ಒಂದು ಮನೆಯಲ್ಲೂ ಮಾಂಸ ಸೀಯದೆ ಉಳಿಯಲಿಲ್ಲ.