ಎಡಗೈ ಸುರುಳಿ

ನೆರೆನೀರು ಎತ್ತುವ ಗಾಲಿ ಪಂಪುಗಳ ಶೆಡ್ಡದು. ಅಲ್ಲಿನ ಪೈಪುಗಳನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಒಣಗಿಸಿ, ಮತ್ತೆ ಸುತ್ತಿಡಬೇಕು. ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತವೆ. ಮೆಕ್ಯಾನಿಕ್ ಅಕ್ಕ ಇಪ್ಪತ್ತಮೂರು ಪೈಪು ಮುಗಿಸಿ, ಕೊನೆಯದರ ಹತ್ತಿರ ಹೋಗಿ, ಎಂದಿನಂತೆ ಹಿಂದಿರುಗಿದಳು. ಅದು ಹೋದ ವರ್ಷ ತೀರಿಕೊಂಡ ಅವಳ ಗಂಡ ಎಡಗೈಯಲ್ಲಿ ಉಲ್ಟಾ ಸುತ್ತಿಟ್ಟದ್ದು.

“ಅಕ್ಕಾ, ನೆನಪು ಅಂತ ಪೈಪ್ ಹಾಳು ಮಾಡಿದ್ರೆ ಭಾವನೇ ಎದ್ದು ಬಂದು ಬೈತಾರೆ,” ಎಂದ ಸ್ಟೋರ್‌ಕೀಪರ್.

“ಬರ್ಲಿ ಬಿಡೋ, ಅದಕ್ಕೇ ಕಾಯ್ತಿದೀನಿ!” ಎಂದು ರೇಗಿದಳು. ಆದರೂ ಪೈಪನ್ನು ಇಳಿಸಿ, ಅದರ ತುದಿಯ ಮುಚ್ಚಳ ತೆಗೆದಳು. ಸುರುಳಿ ಬಿಚ್ಚುತ್ತಿದ್ದಂತೆ ಬೊಗಸೆಯಷ್ಟು ಕೊಳಕು ನೀರು ಅವಳ ಪಾದದ ಮೇಲೆ ಚೆಲ್ಲಿತು.

ನೀರು ಬಸಿಯದೆ ಪೈಪು ಸುತ್ತುತ್ತೀಯ ಎಂದು ಹನ್ನೊಂದು ವರ್ಷ ಅವಳ ತಲೆ ತಿಂದವನು! ಅವನದೊಂದು ತಪ್ಪು ಸಿಗಲಿ ಎಂದು ಅಷ್ಟೂ ವರ್ಷ ಹೊಂಚು ಹಾಕಿದ್ದಳು.

“ರೀ, ಬನ್ನಿ ಇಲ್ಲಿ, ನೋಡಿ!” ಎಂದು ಗೆದ್ದವಳಂತೆ ಕೂಗಿಯೇಬಿಟ್ಟಳು.

ಯಾರೂ ಬರಲಿಲ್ಲ. ಸ್ಟೋರ್‌ಕೀಪರ್ ಒರೆಸುವ ಬಟ್ಟೆ ತಂದುಕೊಟ್ಟ.

“ಬೇಡ, ಇರ್ಲಿ,” ಎಂದಳು. ನೀರು ತಾನಾಗಿ ಆರುವವರೆಗೂ ಅವಳು ಪಾದ ಕದಲಿಸಲಿಲ್ಲ.