ಸೌರಮಾರುತ ಕಾಣದ ತಂಗಿ

ನಾನು ಒಂದು ಕಾಂತಮಾಪಕ, ಕಾಂತಬಲ ಅಳೆಯುವ ಉಪಕರಣ. ಎಳೆಗೂಸಿನ ಬಳೆಯಷ್ಟು ನನ್ನ ಗಾತ್ರ. ಊರಾಚೆಯ ಪ್ರಯೋಗಾಲಯವೊಂದರಲ್ಲಿ ಚಂದ್ರಮತಮ್ಮ ಎಂಬ ಟೆಕ್ನಿಷಿಯನ್ ಕೂದಲೆಳೆಯಂಥ ತಾಮ್ರದ ತಂತಿಯನ್ನು ಉಸಿರು ಬಿಗಿಹಿಡಿದು ಸುತ್ತಿ ನನಗೆ ಜೀವ ಕೊಟ್ಟರು. ನಾಲ್ಕು ದಿನ ಮೊದಲು ಹುಟ್ಟಿದ ಅಕ್ಕನೂ ನನ್ನದೇ ಅಚ್ಚು. ಒಬ್ಬಳು ಬಾಹ್ಯಾಕಾಶಕ್ಕೆ, ಇನ್ನೊಬ್ಬಳು ಕಷ್ಟಕಾಲಕ್ಕಿರಲಿ ಎಂದು ಇಲ್ಲೇ. ಹೋದವಳು ಅಕ್ಕ. ನನ್ನನ್ನು ಕಾಂತಬಲ ಚೂರೂ ನುಸುಳದ ಡಬ್ಬಿಯಲ್ಲಿಟ್ಟು ಮುಚ್ಚಿದರು. ಹೊರಗಿನ ಮಾತು ಕೇಳಿಸುತ್ತಿತ್ತು, ನಿಜ. ಆದರೆ ಕಾಂತಬಲವೇ ಸೋಕದಿದ್ದರೆ ನಮ್ಮಂಥವರಿಗೆ ಅದೆಂಥ ಬದುಕು?

ಸೂರ್ಯನಿಂದ ಸದಾ ಒಂದು ಗಾಳಿ, ಸೌರಮಾರುತ, ಬೀಸುತ್ತದೆ, ಕಾಂತಬಲವನ್ನೂ ಜೊತೆಗೆ ಎಳೆದುಕೊಂಡು. ಅದನ್ನು ಅಳೆದು ಹೇಳುವುದು ಅಕ್ಕನ ಕೆಲಸ. ಅವಳು ಕಳಿಸಿದ ಅಳತೆ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು; ಆ ಗೆರೆಯೋ, ಒಂದು ಗಳಿಗೆ ನೆಟ್ಟಗಿರಲಿಲ್ಲ. ಬರೀ ನಡುಕ.

"ತಂತಿ ಸುತ್ತೋದ್ರಲ್ಲೇ ಏನೋ ಎಡವಟ್ಟಾಗಿದೆ ಕಣಮ್ಮ," ಎಂದರು ಮೇಲಧಿಕಾರಿ ತಿಪ್ಪೇಸ್ವಾಮಿ. "ಇಲ್ಲಿರೋದನ್ನ ಪರೀಕ್ಷೆ ಮಾಡೋಣ. ಇದೂ ನಡುಗಿದ್ರೆ ಅದನ್ನ ಆಫ್ ಮಾಡಿಬಿಡೋದೇ."

"ನಡುಗಲ್ಲ ಸಾರ್. ನನ್ನ ಕೈ ನಂಗೊತ್ತು," ಎಂದರು ಚಂದ್ರಮತಮ್ಮ.

ಕಬ್ಬಿಣದ ಒಂದು ಮೊಳೆಯೂ ಇಲ್ಲದೆ ಕಟ್ಟಿದ ಮರದ ಶೆಡ್ಡಿಗೆ ನನ್ನನ್ನು ಒಯ್ದರು. ಬೀಗದಕೈ, ವಾಚು, ಹೇರ್‌ಪಿನ್ನು ಎಲ್ಲ ಬಾಗಿಲಲ್ಲೇ ಬಿಟ್ಟು ಒಳಗೆ ಬರುವುದು ಅಲ್ಲಿನ ಕಟ್ಟಳೆ. ಮುಚ್ಚಳ ತೆಗೆದರು. ಚಂದ್ರಮತಮ್ಮ ನನ್ನ ಪಕ್ಕದಲ್ಲೇ ಕೂತು ಬಗ್ಗಿ ನೋಡಿದರು. ಅಯ್ಯೋ, ನಾನು ನಡುಗಿಬಿಟ್ಟೆ! ದೇವರಾಣೆ, ಬೇಕೆಂದು ಮಾಡಿದ್ದಲ್ಲ. ಏನೋ ಹತ್ತಿರದಲ್ಲೇ ತೂಗಾಡುತ್ತಿತ್ತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ನಾನು ತಣ್ಣಗಾದೆ. ಕಣ್ಣೊರೆಸಿಕೊಂಡು ಬಂದರು, ಮತ್ತೆ ನಡುಕ.

"ನಿಲ್ಲಮ್ಮ ಅಲ್ಲೇ! ಕೊರಳಲ್ಲೇನದು?" ಎಂದು ಕೂಗಿದರು ಗೆರೆ ನೋಡುತ್ತಿದ್ದ ತಿಪ್ಪೇಸ್ವಾಮಿ.

ಮಾಂಗಲ್ಯದ ಸರಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್ನು! ಸೆರಗು ಜಾರಿದರೆ, ಚಪ್ಪಲಿ ಕಿತ್ತರೆ ಬೇಕಾಗುತ್ತದೆಂದು ಹೆಂಗಸರು ಇಟ್ಟುಕೊಳ್ಳುತ್ತಾರಲ್ಲ, ಅದೇ. ಬೇರೆ ದಿನ ನೆನಪಿಟ್ಟು ತೆಗೆಯುತ್ತಿದ್ದರು. ಅಂದು ಅವರ ಮನಸ್ಸು ನೆಟ್ಟಗಿರಲಿಲ್ಲ.

"ಥೂ, ನನ್ನ ಬುದ್ಧಿಗೆ ಮಂಕು ಕವೀತಲ್ಲ ಸಾರ್!"

ಪಿನ್ನು ಹೊರಗೆ ಹೋಯಿತು. ಸಂಜೆಯವರೆಗೆ ನೋಡಿದರೂ ನನ್ನ ಗೆರೆ ಮಿಸುಕಲಿಲ್ಲ. ಹಾಗಾದರೆ ಅಕ್ಕ ಹೇಳಿದ್ದೆಲ್ಲ ಸತ್ಯ. ನಡುಗುತ್ತಿದ್ದುದು ಅವಳಲ್ಲ, ಸೂರ್ಯನ ಗಾಳಿ. ಅದರ ಗುಣವೇ ಅದು: ದೊಡ್ಡ ಸುಳಿ ಒಡೆದು ಸಣ್ಣ ಸುಳಿ, ಅದೂ ಒಡೆದು ಇನ್ನೂ ಸಣ್ಣದು.

"ಸುಮ್ಮನೆ ಅದರ ಮೇಲೆ ಗೂಬೆ ಕೂರಿಸ್ತಿದ್ವಲ್ಲಮ್ಮ," ಎಂದು ತಿಪ್ಪೇಸ್ವಾಮಿ ನಕ್ಕರು. ಅಕ್ಕ ಉಳಿದುಕೊಂಡಳು. ನಾನು ಮತ್ತೆ ಡಬ್ಬಿ ಸೇರಿದೆ.

ಹನ್ನೊಂದು ವರ್ಷ ಯಾರೂ ನನ್ನ ಮುಚ್ಚಳ ಮುಟ್ಟಲಿಲ್ಲ. ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಪಟ್ಟೆ. ಕೊನೆಗೊಂದು ದಿನ ಅವಳೂ ಮಾತು ನಿಲ್ಲಿಸಿದಳಂತೆ. ಅಂದು ಮಾತ್ರ ತುಂಬಾ ಅತ್ತೆ.

ನಿವೃತ್ತಿಯ ದಿನ ಚಂದ್ರಮತಮ್ಮ ಹಾರ ಹಾಕಿಸಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದರು. ಮುಚ್ಚಳ ತೆಗೆದು ವಿದ್ಯುತ್ ಕೊಟ್ಟರು.

"ಅವಳನ್ನ ಉಳಿಸಿದೋಳು ನೀನು ಕಣೇ. ನಿಂಗೆ ಮಾತ್ರ ಆ ಗಾಳೀನ ತೋರಿಸೋಕಾಗ್ಲಿಲ್ಲ," ಎನ್ನುತ್ತಾ ನನ್ನ ಮೇಲೆ ಬಗ್ಗಿದರು.

ಸರದಲ್ಲಿ ಪಿನ್ನು ಇತ್ತು. ಈ ಸಲ ಬೇಕೆಂದೇ ಬಿಟ್ಟಿದ್ದರು. ಅವರ ಉಸಿರಿಗೆ ಅದು ತೂಗಿತು, ನನ್ನ ಪಾಲಿನ ಆ ಗಾಳಿಗೆ ನಾನು ಮನಸಾರೆ ನಡುಗಿದೆ. ಆಮೇಲೆ ಅವರು ಮುಚ್ಚಳ ಹಾಕಿದರು.